ದೋಷ ಯಾರ ಕಡೆಯಿಂದ ಬಂತು?

ಪ್ರಾಯಕ್ಕೆ ಬಂದ ಮಗನಿಗೋ ಮಗಳಿಗೋ ಬುದ್ಧಿ ಕದಡಿತೆಂದರೆ, ವೈದ್ಯರ ಬಳಿಗೆ ಹೋಗುವುದಕ್ಕೂ ಮೊದಲೇ ಬಂಧುಗಳ ನಡುವೆ ಒಂದು ವಿಚಾರಣೆ ನಡೆದುಹೋಗುವುದುಂಟು. ಈ ದೋಷ ಯಾರ ಕಡೆಯದು? ತಂದೆಯ ಕಡೆಯವರು ತಾಯಿಯ ತವರಿನತ್ತ ನೋಡುತ್ತಾರೆ. ತಾಯಿಯ ಕಡೆಯವರಿಗೆ, ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಳ್ಳುತ್ತಿದ್ದ ಹುಡುಗನ ಸೋದರತ್ತೆಯೊಬ್ಬರು ತಟ್ಟನೆ ನೆನಪಿಗೆ ಬರುತ್ತಾರೆ. ವಿಚಾರಣೆ ಮುಗಿಯುವ ವೇಳೆಗೆ ಕಾಯಿಲೆಯವನನ್ನು ಎಲ್ಲರೂ ಮರೆತಿರುತ್ತಾರೆ. ಇದೇ ಪ್ರಶ್ನೆಯನ್ನು ವಿಜ್ಞಾನಿಗಳೂ ನೂರು ವರ್ಷಗಳಿಗೂ ಮೇಲ್ಪಟ್ಟು ಕೇಳುತ್ತ ಬಂದಿದ್ದಾರೆ. ಅವರ ವಿಚಾರಣೆಯೂ ಬಹುಕಾಲ ಬಂಧುಗಳ ವಿಚಾರಣೆಗಿಂತ ಮೇಲಾಗಿಯೇನೂ ಇರಲಿಲ್ಲ.

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ ಗ್ಯಾಲ್ವಿನ್ ಎಂಬವರ ಸಂಸಾರವೊಂದಿತ್ತು. ಯಜಮಾನ ಡಾನ್ ವಾಯುಸೇನೆಗೆ ಸೇರಿದವರು; ಗೃಹಿಣಿ ಮಿಮಿ. ೧೯೪೫ರಿಂದ ೧೯೬೫ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಆ ದಂಪತಿಗಳಿಗೆ ಹನ್ನೆರಡು ಮಕ್ಕಳಾದವು. ಮೊದಲು ಸಾಲಾಗಿ ಹತ್ತು ಗಂಡು, ಕೊನೆಯಲ್ಲಿ ಎರಡು ಹೆಣ್ಣು. ಹುಡುಗರು ಆಟೋಟಗಳಲ್ಲಿ ಚುರುಕು, ನೋಡಲು ಲಕ್ಷಣವಂತರು. ಹಿರಿಯ ಮಗ ಕಾಲೇಜಿಗೆ ಹೋದ ಮೇಲೆ ಅವನ ನಡತೆಯಲ್ಲಿ ವಿಪರೀತಗಳು ತೋರಿದವು. ಬಳಿಕ ಒಬ್ಬನಾದ ಮೇಲೊಬ್ಬನಂತೆ, ೧೯೭೦ರ ದಶಕದ ನಡುಭಾಗದ ಹೊತ್ತಿಗೆ, ಹತ್ತು ಹುಡುಗರಲ್ಲಿ ಆರು ಮಂದಿ ಒಂದೇ ರೋಗಕ್ಕೆ ತುತ್ತಾಗಿದ್ದರು. ಉಳಿದ ಮಕ್ಕಳು ಮುಂದಿನ ಸರದಿ ತಮ್ಮದಿರಬಹುದೆಂಬ ಭಯವನ್ನು ನುಂಗಿಕೊಂಡೇ ಬೆಳೆದರು. ಆ ರೋಗದ ಹೆಸರು ಸ್ಕಿಜೋಫ್ರೇನಿಯಾ. ಇಂತಹ ತಾಯಿಗೆ ಅಂದಿನ ವೈದ್ಯಶಾಸ್ತ್ರ ಹೇಳಿದ ಸಮಾಧಾನವಾದರೂ ಏನು? ಮಕ್ಕಳ ಬುದ್ಧಿ ಕೆಟ್ಟದ್ದು ತಾಯಿಯ ದೆಸೆಯಿಂದಲೇ ಎಂದು!

ಈ ಮಾತು ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿಯುವ ಮುನ್ನ ರೋಗದ ವಿಚಾರವಾಗಿ ಎರಡು ಮಾತು ಅಗತ್ಯ. ಸ್ವಿಟ್ಜರ್ಲೆಂಡಿನ ಯೂಗೆನ್ ಬ್ಲಾಯ್ಲರ್ ಎಂಬ ಮನೋವೈದ್ಯರು ೧೯೦೮ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟರು. ಗ್ರೀಕ್ ಮೂಲವನ್ನು ಹಿಡಿದರೆ ಸೀಳಿದ ಮನಸ್ಸು ಎಂದರ್ಥ. ಕನ್ನಡದಲ್ಲಿ ಇದನ್ನು ಇಚ್ಚಿತ್ತ ವಿಕಲತೆ ಎಂದು ಕರೆದವರು ಹಿಡಿದದ್ದೂ ಅದೇ ಅರ್ಥವನ್ನು. ಈ ಹೆಸರಿನಿಂದಾದ ಅನರ್ಥ ಅಷ್ಟಿಷ್ಟಲ್ಲ. ಹಗಲು ಸಾಧುವಾಗಿದ್ದು ಇರುಳಾದೊಡನೆ ಕೊಲೆಗಾರನಾಗುವ ಚಲಚ್ಚಿತ್ರದ ನಾಯಕನಿಗೂ ಈ ರೋಗಕ್ಕೂ ಏನೇನೂ ಸಂಬಂಧವಿಲ್ಲ. ಇಲ್ಲಿ ಮನುಷ್ಯನೊಬ್ಬ ಇಬ್ಬರಾಗುವುದಿಲ್ಲ. ಅವನ ಆಲೋಚನೆ, ಭಾವನೆ, ನಡತೆಗಳ ನಡುವಣ ಹೊಂದಿಕೆ ತಪ್ಪುತ್ತದೆ. ಯಾರೂ ಇಲ್ಲದ ಕಡೆ ದನಿಗಳು ಕೇಳಿಸುತ್ತವೆ. ನೆರೆಯವರು ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಅಚಲ ನಂಬಿಕೆ ಬೇರೂರುತ್ತದೆ. ಕೆಲವರು ಮಾತನ್ನೂ ಸ್ನಾನವನ್ನೂ ಗೆಳೆಯರನ್ನೂ ಬಿಟ್ಟು ಮೂಲೆ ಹಿಡಿಯುತ್ತಾರೆ. ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ, ಬಹುಮಟ್ಟಿಗೆ ಹದಿಹರೆಯ ಕಳೆದು ಇಪ್ಪತ್ತು, ಇಪ್ಪತ್ತೈದರ ಆಸುಪಾಸಿನಲ್ಲಿ, ಓದು ಮುಗಿಸಿ ಮನೆಗೆ ಆಧಾರವಾಗಬೇಕಾದ ಕಾಲದಲ್ಲೇ ಈ ಪೀಡೆ ಬಂದೊದಗುತ್ತದೆ.

ಒಂದೇ ಮನೆತನದಲ್ಲಿ ಇದು ಮರಳಿ ಮರಳಿ ಕಾಣುವುದನ್ನು ಹಿಂದಿನವರೂ ಬಲ್ಲರು. ಅದನ್ನು ಲೆಕ್ಕಕ್ಕಿಳಿಸಲು ಹೊರಟವರಲ್ಲಿ ಮೊದಲಿಗ, ಜರ್ಮನಿಯ ಮ್ಯೂನಿಕ್ ನಗರದ ಎರ್ನ್ಸ್ಟ್ ರ್ಯೂಡಿನ್. ಏಳುನೂರಕ್ಕೂ ಹೆಚ್ಚು ರೋಗಿಗಳ ಒಡಹುಟ್ಟಿದವರನ್ನು ಪರಿಶೀಲಿಸಿ ೧೯೧೬ರಲ್ಲಿ ಆತ ಗ್ರಂಥವೊಂದನ್ನು ಪ್ರಕಟಿಸಿದ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಸರಳವಾದ ಪ್ರಮಾಣ ಇಲ್ಲಿಯೂ ಸಿಕ್ಕೀತೆಂಬುದು ಆತನ ನಿರೀಕ್ಷೆ. ಅದು ಸಿಗಲಿಲ್ಲ. ರೋಗಿಗಳ ಒಡಹುಟ್ಟಿದವರಲ್ಲಿ ಬಹುಪಾಲು ಜನ ಆರೋಗ್ಯವಾಗಿಯೇ ಇದ್ದರು. ಪ್ರಾಮಾಣಿಕನಾದ ಪಂಡಿತ ಅಲ್ಲಿ ನಿಂತು ಯೋಚಿಸಬೇಕಾಗಿತ್ತು. ಆದರೆ ೧೯೩೩ರಲ್ಲಿ ಹಿಟ್ಲರನ ಸರ್ಕಾರ ಆನುವಂಶಿಕ ರೋಗಿಗಳು ಮಕ್ಕಳನ್ನು ಪಡೆಯದಂತೆ ಬಲಾತ್ಕಾರವಾಗಿ ಶಸ್ತ್ರಚಿಕಿತ್ಸೆ ಮಾಡುವ ಕಾನೂನನ್ನು ತಂದಾಗ, ಅದಕ್ಕೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ರ್ಯೂಡಿನ್ ಒಬ್ಬನಾಗಿದ್ದ. ಆ ಕಾನೂನಿನ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ ಇತ್ತು. ಸುಮಾರು ನಾಲ್ಕು ಲಕ್ಷ ಜನರಿಗೆ ಸಂತಾನ ಶಕ್ತಿಯನ್ನು ಹರಣ ಮಾಡಲಾಯಿತು. ೧೯೪೦ ಮತ್ತು ೧೯೪೧ರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಮನೋರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದ ಕೋಣೆಗಳಿಗೆ ನೂಕಿ ಕೊಂದರು.

ಇಷ್ಟೆಲ್ಲ ಪಾತಕ ನಡೆದ ಮೇಲೆ ಆ ದೇಶದಲ್ಲಿ ರೋಗವೇನಾದರೂ ಅಳಿಯಿತೇ? ಅದೂ ಇಲ್ಲ. ಯುದ್ಧಾನಂತರ ಹುಟ್ಟಿ ಬೆಳೆದ ಜರ್ಮನ್ ಪೀಳಿಗೆಯಲ್ಲೂ ಸ್ಕಿಜೋಫ್ರೇನಿಯಾ ಎಂದಿನಂತೆಯೇ ಕಾಣಿಸಿಕೊಂಡಿತು. ಏಕೆಂದು ಮುಂದೆ ತಿಳಿಯುತ್ತದೆ.

ರಕ್ತದೋಷದ ಮಾತಿಗೆ ಇಂತಹ ಮಸಿ ಬಳಿದುಕೊಂಡ ಮೇಲೆ, ಯುದ್ಧಾನಂತರದ ಅಮೆರಿಕದ ಮನೋವೈದ್ಯರು ಅತ್ತ ಮುಖ ಹಾಕಲೂ ಹೇಸಿದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನಿಗೆ ತಪ್ಪಿತಸ್ಥರೊಬ್ಬರು ಬೇಕೇ ಬೇಕು. ರಕ್ತವನ್ನು ಬಿಟ್ಟ ಬೆರಳು ತಾಯಿಯತ್ತ ತಿರುಗಿತು. ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ವಿದ್ವಾಂಸರು, ಸ್ವತಃ ಜರ್ಮನಿಯನ್ನು ಬಿಟ್ಟು ಬಂದ ಯೆಹೂದಿ ಮಹಿಳೆ, ೧೯೪೮ರಲ್ಲಿ ಬರೆದ ಲೇಖನವೊಂದರಲ್ಲಿ ಸ್ಕಿಜೋಫ್ರೇನಿಯಾವನ್ನು ಹುಟ್ಟಿಸುವ ತಾಯಿ ಎಂಬ ಅರ್ಥದ ಪದವನ್ನು ಬಳಸಿದರು. ಆ ಪದ ಕಾಳ್ಗಿಚ್ಚಿನಂತೆ ಹರಡಿತು. ಮಗುವಿನೊಡನೆ ಬಿಗುವಾಗಿದ್ದ ತಾಯಿಯೂ ದೋಷಿ, ಅತಿಯಾಗಿ ಮುದ್ದಿಸಿದ ತಾಯಿಯೂ ದೋಷಿ! ರೋಗಿಯ ಮನೆಗೆ ಹೊಸ ಔಷಧವನ್ನೇನೂ ತಾರದ ಈ ಸಿದ್ಧಾಂತ ಆರಾರು ಮಕ್ಕಳ ಸೇವೆ ಮಾಡುತ್ತಿದ್ದ ಮಿಮಿ ಗ್ಯಾಲ್ವಿನ್ನರಂಥವರ ಎದೆಗೆ ಮೊಳೆ ಹೊಡೆದಂತಾಯಿತು.

ಒಂದು ಮನೆಯೊಳಗೆ ನಿಂತು ನೋಡುವವರೆಗೆ ಈ ವ್ಯಾಜ್ಯ ತೀರುವಂತಿರಲಿಲ್ಲ. ತಂದೆತಾಯಿಗಳು ಮಕ್ಕಳಿಗೆ ಕೊಡುವುದು ರಕ್ತವನ್ನು ಮಾತ್ರವೇ? ಅನ್ನ, ಮಾತು, ಗದರಿಕೆ, ಭಯ, ಎಲ್ಲವನ್ನೂ ಅವರೇ ಕೊಡುತ್ತಾರೆ. ಇದಕ್ಕೆ ೧೯೩೦ರಲ್ಲಿ ಅಮೆರಿಕದಲ್ಲಿ ಜನಿಸಿದ, ಒಂದೇ ಅಂಡದಿಂದಾದ ನಾಲ್ವರು ಸಹೋದರಿಯರ ಕಥೆಯೇ ನಿದರ್ಶನ. ನಾಲ್ವರಿಗೂ ಇಪ್ಪತ್ತರ ಹರೆಯದಲ್ಲಿ ಈ ರೋಗ ಬಂತು. ಡೇವಿಡ್ ರೋಸೆಂತಾಲ್ ಎಂಬ ಸಂಶೋಧಕರು ಅವರನ್ನು ವರ್ಷಗಟ್ಟಲೆ ಅಭ್ಯಸಿಸಿ ೧೯೬೩ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ನಿಜವಾದ ಹೆಸರುಗಳನ್ನು ಮರೆಮಾಡಿ ಅವರಿಗೆ ಜೆನೈನ್ ಸಹೋದರಿಯರೆಂದು ನಾಮಕರಣ ಮಾಡಿದರು. ನಾಲ್ವರಿಗೂ ಬಂದದ್ದರಿಂದ ರಕ್ತದ ಪಕ್ಷದವರು ಹಿಗ್ಗಿದರು. ಆದರೆ ಅವರಲ್ಲೊಬ್ಬಳು ಉದ್ಯೋಗ ಮಾಡಿ, ಮದುವೆಯಾಗಿ, ಮಕ್ಕಳನ್ನು ಸಾಕಿದಳು. ಇನ್ನೊಬ್ಬಳು ಹೆಚ್ಚುಕಡಿಮೆ ಪೂರ್ತಿಯಾಗಿ ರೋಗದ ವಶವಾದಳು. ಆ ಮನೆಯ ತಂದೆಯೋ ಕ್ರೂರಿ. ಹೀಗಾಗಿ ಎದುರು ಪಕ್ಷದವರಿಗೂ ಅದೇ ಗ್ರಂಥದಲ್ಲಿ ಬೇಕಾದಷ್ಟು ಸಾಮಗ್ರಿ ದೊರೆಯಿತು.

ರಕ್ತವನ್ನೂ ಲಾಲನೆಯನ್ನೂ ಬೇರೆ ಬೇರೆಯಾಗಿಸುವ ಉಪಾಯ ಹೊಳೆದದ್ದು ಲೆನರ್ಡ್ ಹೆಸ್ಟನ್ ಎಂಬ ತರುಣ ವೈದ್ಯರಿಗೆ. ಉಪಾಯ ಸುಲಭ, ಶ್ರಮ ಅಪಾರ. ಆರೆಗಾನ್ ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ೧೯೧೫ರಿಂದ ೧೯೪೫ರವರೆಗೆ ಸ್ಕಿಜೋಫ್ರೇನಿಯಾ ಪೀಡಿತ ಸ್ತ್ರೀಯರು ಹೆತ್ತ ಶಿಶುಗಳಿದ್ದವು. ಹುಟ್ಟಿದ ಮೂರು ದಿನಗಳೊಳಗಾಗಿ ಅವುಗಳನ್ನು ತಾಯಿಯಿಂದ ಬೇರ್ಪಡಿಸಿ ಕಳುಹಿಸಿಬಿಡುತ್ತಿದ್ದರು. ತಾಯಿಯ ಮುಖವನ್ನೇ ಕಾಣದ ಆ ಶಿಶುಗಳು ಅನಾಥಾಲಯಗಳಲ್ಲೋ ದತ್ತು ಮನೆಗಳಲ್ಲೋ ಬೆಳೆದವು. ಹೆಸ್ಟನ್ ಹಳೆಯ ದಫ್ತರಗಳನ್ನು ಜಾಲಾಡಿ, ಈಗ ನಡುವಯಸ್ಸಿಗೆ ಸಮೀಪಿಸಿದ್ದ ಅಂತಹ ೪೭ ಮಂದಿಯನ್ನು ಪತ್ತೆಮಾಡಿದರು. ಹೋಲಿಕೆಗಾಗಿ, ಅದೇ ಬಗೆಯ ಆಶ್ರಮಗಳಲ್ಲಿ ಬೆಳೆದ, ಆರೋಗ್ಯವಂತ ತಾಯಂದಿರ ೫೦ ಮಂದಿ ಮಕ್ಕಳನ್ನೂ ಹುಡುಕಿದರು. ಫಲಿತಾಂಶ ೧೯೬೬ರಲ್ಲಿ ಪ್ರಕಟವಾಯಿತು. ರೋಗಿ ತಾಯಂದಿರ ೪೭ ಮಕ್ಕಳಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಇನ್ನೊಂದು ಗುಂಪಿನ ಐವತ್ತರಲ್ಲಿ ಒಬ್ಬರಿಗೂ ಇಲ್ಲ. ಲಾಲಿ ಹಾಡದ, ಗದರದ, ಮುದ್ದಿಸದ ತಾಯಿ ಮಗುವಿನ ಮನಸ್ಸನ್ನು ಕೆಡಿಸಿದಳೆಂದು ಹೇಳುವುದು ಹೇಗೆ?

ಈ ವರದಿಯಲ್ಲಿ ಹೆಚ್ಚು ಜನ ಗಮನಿಸದೆ ಬಿಟ್ಟ ಮಾತೊಂದಿದೆ. ರೋಗಿ ತಾಯಂದಿರ ಮಕ್ಕಳಲ್ಲಿ ಯಾವ ತೊಂದರೆಯೂ ಇಲ್ಲದೆ ಬೆಳೆದ ಸುಮಾರು ಅರ್ಧದಷ್ಟು ಮಂದಿ, ಹೋಲಿಕೆಯ ಗುಂಪಿನವರಿಗಿಂತ ಹೆಚ್ಚು ಲವಲವಿಕೆಯವರಾಗಿ, ಸಂಗೀತ ಮುಂತಾದ ಸೃಷ್ಟಿಶೀಲ ಕೆಲಸಗಳಲ್ಲೂ ಹವ್ಯಾಸಗಳಲ್ಲೂ ತೊಡಗಿದವರಾಗಿ ಹೆಸ್ಟನ್ನರಿಗೆ ಕಂಡಿದ್ದರು.

ಮುಂದೆ ರೋಸೆಂತಾಲ್, ಸೇಮೂರ್ ಕೆಟಿ, ಪಾಲ್ ವೆಂಡರ್ ಮೊದಲಾದವರು ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹಿಡಿದು ನಡೆಸಿದ ಅಧ್ಯಯನಗಳೂ ಇದನ್ನೇ ಸಮರ್ಥಿಸಿದವು. ದತ್ತುಮಕ್ಕಳಿಗೆ ರೋಗ ಬಂದಾಗ ಅದು ಹೆಚ್ಚಾಗಿ ಕಾಣುತ್ತಿದ್ದದ್ದು ಹೆತ್ತವರ ಬಂಧುಗಳಲ್ಲಿ, ಸಾಕಿದವರ ಬಂಧುಗಳಲ್ಲಿ ಅಲ್ಲ.

ಹಾಗಾದರೆ ರಕ್ತವೇ ವಿಧಿಯೋ? ಅದೂ ಅಲ್ಲ. ಒಂದೇ ಅಂಡದಿಂದಾದ ಅವಳಿಗಳಿಗೆ ವಂಶವಾಹಿಗಳೆಲ್ಲ ಒಂದೇ. ಒಬ್ಬನಿಗೆ ರೋಗ ಬಂದರೆ ಇನ್ನೊಬ್ಬನಿಗೂ ಬರಲೇಬೇಕಲ್ಲವೇ? ರ್ಯೂಡಿನ್ನನ ಶಿಷ್ಯನಾಗಿದ್ದು, ಯೆಹೂದಿ ಮೂಲದವನೆಂಬ ಕಾರಣಕ್ಕೆ ೧೯೩೬ರಲ್ಲಿ ಜರ್ಮನಿಯನ್ನು ಬಿಡಬೇಕಾಗಿ ಬಂದ ಫ್ರಾಂಟ್ಸ್ ಕಾಲ್‌ಮನ್ ೧೯೪೬ರಲ್ಲಿ, ನೂರಕ್ಕೆ ಎಂಬತ್ತೈದು ಸಲ ಹಾಗೆಯೇ ಆಗುತ್ತದೆಂದು ಬರೆದಿದ್ದ. ಲೆಕ್ಕ ಹಾಕುವ ಕ್ರಮ ಸುಧಾರಿಸಿದಂತೆಲ್ಲ ಈ ಅಂಕಿ ಇಳಿಯುತ್ತಲೇ ಬಂತು. ಡೆನ್ಮಾರ್ಕ್ ದೇಶದ ಅವಳಿಗಳೆಲ್ಲರ ದಾಖಲೆಯನ್ನು ಆಧರಿಸಿ ೨೦೧೮ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ನೂರಕ್ಕೆ ೩೩; ಎರಡು ಅಂಡಗಳಿಂದಾದ ಅವಳಿಗಳಲ್ಲಿ ಬರಿಯ ೭. ಎರಡನ್ನೂ ತಾಳೆ ನೋಡಿದರೆ ವಂಶವಾಹಿಗಳ ಪಾತ್ರ ಬಲು ದೊಡ್ಡದೆಂಬುದೂ ಖಚಿತ. ಒಂದೇ ರಕ್ತದ ಮೂವರಲ್ಲಿ ಇಬ್ಬರು ಪಾರಾಗುತ್ತಾರೆಂಬುದೂ ಅಷ್ಟೇ ಖಚಿತ. ಮಿಕ್ಕ ಕಾರಣಗಳು ಗರ್ಭದಿಂದಲೇ ಆರಂಭವಾಗುತ್ತವೆ. ೧೯೪೪-೪೫ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನದಿಂದ ಹಾಲೆಂಡಿನ ಜನ ಉಪವಾಸ ಬಿದ್ದಾಗ ಗರ್ಭಾಂಕುರವಾದ ಮಕ್ಕಳಲ್ಲಿ ಮುಂದೆ ಈ ರೋಗ ಎರಡರಷ್ಟಾಗಿ ಕಂಡಿತು. ಎಳೆಯ ಪ್ರಾಯದಲ್ಲಿ ಗಾಂಜಾ ಸೇವನೆಯೂ ಅಪಾಯವನ್ನು ಏರಿಸುತ್ತದೆ.

ವಂಶವಾಹಿಯ ಕೈವಾಡವೇನೋ ಸಿದ್ಧವಾಯಿತು. ಆದರೆ ಯಾವ ವಂಶವಾಹಿ? ಇಲ್ಲಿಂದ ಮುಂದಿನ ಕಥೆಯಲ್ಲಿ ನಗೆಪಾಟಲಿಗೂ ಕೊರತೆಯಿಲ್ಲ. ೧೯೮೮ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ, ಐಸ್‌ಲೆಂಡ್ ಮತ್ತು ಇಂಗ್ಲೆಂಡಿನ ಏಳು ಕುಟುಂಬಗಳನ್ನು ಪರೀಕ್ಷಿಸಿದ ಲಂಡನ್ನಿನ ತಂಡವೊಂದು, ದೋಷ ಐದನೆಯ ವರ್ಣತಂತುವಿನ ಮೇಲಿದೆಯೆಂದು ಸಾರಿತು. ಅದೇ ಸಂಚಿಕೆಯಲ್ಲಿ, ಸ್ವೀಡನ್ನಿನ ಕುಟುಂಬವೊಂದನ್ನು ಪರೀಕ್ಷಿಸಿದ ಮತ್ತೊಂದು ತಂಡ, ಅಲ್ಲಿ ಅಂಥದೇನೂ ಇಲ್ಲವೆಂದು ಬರೆಯಿತು! ಗೆದ್ದದ್ದು ಎರಡನೆಯ ಮಾತೇ. ಬಳಿಕವೂ ಎಷ್ಟೋ ವರ್ಷ ಒಬ್ಬರು ಕಂಡುಹಿಡಿದದ್ದನ್ನು ಇನ್ನೊಬ್ಬರು ಇಲ್ಲವೆನ್ನುವುದೇ ಈ ಕ್ಷೇತ್ರದ ವಾಡಿಕೆಯಾಯಿತು.

ನಿಜವೇನೆಂಬುದನ್ನು ಲಂಡನ್ನಿನಲ್ಲಿ ಅವಳಿಗಳನ್ನು ಅಭ್ಯಸಿಸಿದ ಇರ್ವಿಂಗ್ ಗಾಟ್ಸ್‌ಮನ್ ಮತ್ತು ಜೇಮ್ಸ್ ಶೀಲ್ಡ್ಸ್ ೧೯೬೭ರಲ್ಲೇ ಊಹಿಸಿದ್ದರು. ಈ ರೋಗಕ್ಕೆ ಒಂದು ದೊಡ್ಡ ವಂಶವಾಹಿ ಕಾರಣವಲ್ಲ. ಸಣ್ಣ ಸಣ್ಣವು ಅನೇಕ ಸೇರಿ, ಅದಕ್ಕೆ ಹೊರಗಿನ ಕಾರಣಗಳೂ ಕೂಡಿ, ಒಂದು ಮಟ್ಟವನ್ನು ದಾಟಿದಾಗ ರೋಗ ತಲೆದೋರುತ್ತದೆಂದು ಅವರು ವಾದಿಸಿದರು. ಹನಿಹನಿ ಕೂಡಿದರೆ ಹಳ್ಳವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಆದರೆ ಹನಿಗಳನ್ನು ಎಣಿಸಬೇಕಾದರೆ ಹತ್ತು ಕುಟುಂಬ ಸಾಲದು, ಸಾವಿರಾರು ಜನ ಬೇಕು. ಆ ಎಣಿಕೆಗೆ ತಕ್ಕ ಯಂತ್ರಗಳು ಬಂದದ್ದು ಈ ಶತಮಾನದಲ್ಲಿ. ಹಲವು ದೇಶಗಳ ಸಂಶೋಧಕರು ಜೊತೆಗೂಡಿ ಸುಮಾರು ೩೭,೦೦೦ ರೋಗಿಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ವಂಶತಂತುವಿನ ೧೦೮ ತಾಣಗಳನ್ನು ಗುರುತಿಸಿದರು. ೨೦೨೨ರಲ್ಲಿ ೭೬,೭೫೫ ರೋಗಿಗಳನ್ನೂ ೨,೪೩,೬೪೯ ಇತರರನ್ನೂ ಹೋಲಿಸಿದಾಗ ತಾಣಗಳ ಸಂಖ್ಯೆ ೨೮೭ಕ್ಕೇರಿತು. ಈ ಸೂಕ್ಷ್ಮ ವ್ಯತ್ಯಾಸಗಳು ರೋಗಿಗಳ ಮನೆಯವರಲ್ಲಿ ಮಾತ್ರ ಇರುವುವೆಂದು ಭಾವಿಸಬಾರದು. ರಸ್ತೆಯಲ್ಲಿ ಹೋಗುವ ಯಾರನ್ನು ನಿಲ್ಲಿಸಿ ನೋಡಿದರೂ ಅವರ ಮೈಯಲ್ಲಿ ಇವುಗಳಲ್ಲಿ ನೂರಾರು ಇದ್ದೇ ಇರುತ್ತವೆ; ಕೆಲವು ತಂದೆಯಿಂದ, ಕೆಲವು ತಾಯಿಯಿಂದ. ರೋಗಿಗಳನ್ನು ಕೊಂದೂ ಜರ್ಮನಿ ರೋಗವನ್ನು ಕೊಲ್ಲಲಾರದೆ ಹೋದದ್ದು ಇದರಿಂದ. ಹನಿಗಳು ಹಂಚಿಹೋಗಿದ್ದದ್ದು ಕೊಂದವರಲ್ಲೂ ಕೂಡ.

ಇವುಗಳಲ್ಲೊಂದು ವಂಶವಾಹಿಯ ಕೆಲಸ ಬಹು ಸ್ವಾರಸ್ಯವಾದದ್ದು. ಅದರ ಹೆಸರು ಸಿ-ನಾಲ್ಕು. ರೋಗಾಣುಗಳ ಮೇಲೆ ಗುರುತು ಹಚ್ಚಿ ಅವು ನಾಶವಾಗುವಂತೆ ಮಾಡುವ ಪದಾರ್ಥವನ್ನು ಅದು ತಯಾರಿಸುತ್ತದೆಂಬುದು ಮೊದಲೇ ತಿಳಿದಿತ್ತು. ಮಿದುಳಿನಲ್ಲಿ ಅದಕ್ಕೇನು ಕೆಲಸ? ಮಗುವಿನ ಮಿದುಳಿನಲ್ಲಿ ನರಕೋಶಗಳನ್ನು ಒಂದಕ್ಕೊಂದು ಬೆಸೆಯುವ ಸಂಧಿಗಳು ಬೇಕಾದುದಕ್ಕಿಂತ ಹೆಚ್ಚಾಗಿರುತ್ತವೆ. ತೋಟಗಾರ ಬೇಡದ ರೆಂಬೆಗಳನ್ನು ಸವರುವಂತೆ ಹದಿಹರೆಯದಲ್ಲಿ ಪ್ರಕೃತಿ ಅವನ್ನು ಸವರಿ ಹದಕ್ಕೆ ತರುತ್ತದೆ. ಯಾವುದನ್ನು ಸವರಬೇಕೆಂದು ಗುರುತು ಹಚ್ಚುವ ಕೆಲಸದಲ್ಲಿ ಸಿ-ನಾಲ್ಕಿನ ಕೈಯಿದೆಯೆಂದು ೨೦೧೬ರಲ್ಲಿ ಅಮೆರಿಕದ ಬೋಸ್ಟನ್ ನಗರದ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅದು ಅತಿಯಾಗಿ ಕೆಲಸ ಮಾಡುವವರಲ್ಲಿ ಕತ್ತರಿ ಮಿತಿಮೀರಿ ಆಡುತ್ತಿರಬಹುದು. ರೋಗ ಬಾಲ್ಯದಲ್ಲಿ ಅಡಗಿದ್ದು ಯೌವನದ ಹೊಸ್ತಿಲಲ್ಲೇ ಏಕೆ ಬರುತ್ತದೆಂಬ ಹಳೆಯ ಒಗಟಿಗೆ ಒಂದು ಸುಳಿವು ಹೀಗೆ ದೊರೆಯಿತು. ಹಾಗೆಂದು ಈ ಒಂದರಿಂದಲೇ ರೋಗ ಬರುವುದೇ? ನೂರಕ್ಕೆ ಒಂದರಷ್ಟಿದ್ದ ಅಪಾಯವನ್ನು ಅದು ಒಂದೂಕಾಲಿಗೆ ಏರಿಸುತ್ತದೆ, ಅಷ್ಟೇ.

ಬಿಂದುಗಳಲ್ಲದೆ ಅಲೆಗಳೂ ಉಂಟು, ಆದರೆ ಅವು ವಿರಳ. ಇಪ್ಪತ್ತೆರಡನೆಯ ವರ್ಣತಂತುವಿನ ಒಂದು ತುಣುಕು ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಸುಮಾರು ನಾಲ್ಕು ಸಾವಿರ ಜನನಗಳಲ್ಲಿ ಒಂದು ಹೀಗಾಗುತ್ತದೆ. ಇವರಲ್ಲಿ ಅನೇಕರಿಗೆ ಹೃದಯದ ತೊಂದರೆಯೂ ಇರುತ್ತದೆ. ಬೆಳೆದ ಮೇಲೆ ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಈ ತುಣುಕು ಬಹುಪಾಲು ಸಂದರ್ಭಗಳಲ್ಲಿ ತಂದೆಯಲ್ಲೂ ಇರುತ್ತದೆ, ತಾಯಿಯಲ್ಲೂ ಇರುತ್ತದೆ. ಅದು ಕಳಚಿಬೀಳುವುದು ಮಗು ರೂಪುಗೊಳ್ಳುವ ಗಳಿಗೆಯಲ್ಲಿ, ಯಾರೂ ಮಾಡದ ಆಕಸ್ಮಿಕದಿಂದ. ಇಂತಹ ಮಗುವಿನ ವಿಚಾರದಲ್ಲಿ ದೋಷ ಯಾರ ಕಡೆಯದೆಂದು ಕೇಳುವ ಬಂಧುಗಳಿಗೆ ಕೊಡಬಹುದಾದ ಉತ್ತರ, ಯಾರ ಕಡೆಯದೂ ಅಲ್ಲವೆಂಬುದು.

ಗ್ಯಾಲ್ವಿನ್ ಮನೆಗೂ ವಿಜ್ಞಾನ ಬಂತು. ೧೯೮೦ರ ದಶಕದಲ್ಲಿ ಲಿನ್ ಡಿಲೀಸಿ ಎಂಬ ಮಹಿಳಾ ಸಂಶೋಧಕರು, ಒಂದಕ್ಕಿಂತ ಹೆಚ್ಚು ರೋಗಿಗಳಿರುವ ಕುಟುಂಬಗಳನ್ನು ಹುಡುಕುತ್ತ ಬಂದು ಅವರ ರಕ್ತವನ್ನು ಸಂಗ್ರಹಿಸಿದರು. ಮೂವತ್ತು ವರ್ಷಗಳ ಮೇಲೆ, ೨೦೧೬ರಲ್ಲಿ, ಆ ಕುಟುಂಬದ ರೋಗಿಗಳಲ್ಲಿ ಶ್ಯಾಂಕ್-ಎರಡು ಎಂಬ ವಂಶವಾಹಿಯಲ್ಲಿ ಬದಲಾವಣೆಯಿರುವುದು ಪ್ರಕಟವಾಯಿತು. ನರಕೋಶಗಳ ಸಂಧಿಗಳ ರಚನೆಗೆ ಅದು ಸಹಾಯಕವಾದದ್ದು. ಲೋಕದ ಇತರ ರೋಗಿಗಳಲ್ಲಿ ಆ ಬದಲಾವಣೆ ಬಹುತೇಕ ಇಲ್ಲ. ಆ ಸಂಸಾರದ ವೃತ್ತಾಂತವನ್ನು ರಾಬರ್ಟ್ ಕೋಲ್ಕರ್ ಎಂಬ ಲೇಖಕರು ೨೦೨೦ರಲ್ಲಿ, ಮನೆಯವರ ಒಪ್ಪಿಗೆಯೊಡನೆ, ಪುಸ್ತಕರೂಪದಲ್ಲಿ ಹೊರತಂದರು.

ಕನ್ಯಾ ನೋಡಲು ಬಂದವರು ಜಾತಕದೊಡನೆ ಮನೆತನದ ಆರೋಗ್ಯವನ್ನೂ ಪಿಸುಮಾತಿನಲ್ಲಿ ವಿಚಾರಿಸುವ ನಾಡಿನಲ್ಲಿ, ಈ ಶೋಧನೆಗಳಿಂದ ತಿಳಿಯಬೇಕಾದ ಲೆಕ್ಕವೊಂದಿದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಅದು ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಒಡಹುಟ್ಟಿದವರಿಗೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ಇತ್ತ, ರೋಗಿಗಳಲ್ಲಿ ಬಹುಪಾಲು ಜನರ ತಂದೆಗಾಗಲಿ ತಾಯಿಗಾಗಲಿ ಈ ರೋಗವಿರುವುದೇ ಇಲ್ಲ. ಅಕ್ಕನ ಕಾಯಿಲೆಯನ್ನು ಮುಚ್ಚಿಟ್ಟು ತಂಗಿಯ ಮದುವೆ ಮಾಡುವವರು, ಅಕ್ಕನ ಔಷಧಿಯನ್ನೂ ಮುಚ್ಚಿಟ್ಟು, ಕಡೆಗೆ ನಿಲ್ಲಿಸಿಯೇ ಬಿಡುವುದುಂಟು. ಲೆಕ್ಕಕ್ಕೆ ಸಿಗುವ ಅಪಾಯಕ್ಕಿಂತ ಈ ಅಪಾಯ ದೊಡ್ಡದು. ಇನ್ನು, ಒಬ್ಬ ವ್ಯಕ್ತಿಯ ರಕ್ತವನ್ನು ಪರೀಕ್ಷಿಸಿ, ಇವನಿಗೆ ಮುಂದೆ ಸ್ಕಿಜೋಫ್ರೇನಿಯಾ ಬಂದೇ ತೀರುತ್ತದೆ ಅಥವಾ ಬರುವುದೇ ಇಲ್ಲ ಎಂದು ಹೇಳಬಲ್ಲ ಪರೀಕ್ಷೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹಾಗೆ ಹೇಳಿಕೊಂಡು ಹಣ ಕೇಳುವವರನ್ನು ನಂಬುವುದಕ್ಕಿಂತ ಜೋಯಿಸರನ್ನು ನಂಬುವುದು ಅಗ್ಗ.

ಇಲ್ಲಿಯವರೆಗಿನ ಎಣಿಕೆಯಲ್ಲಿ ದೊಡ್ಡ ಪಾಲು ಯೂರೋಪಿನ ಮೂಲದವರದು. ಪೂರ್ವ ಏಷ್ಯದ ರೋಗಿಗಳನ್ನು ಕುರಿತು ೨೦೧೯ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಬಹುಮಟ್ಟಿಗೆ ಅವೇ ತಾಣಗಳು ಕಂಡವು. ಭಾರತೀಯರ ಪಾಲು ಇನ್ನೂ ಸಣ್ಣದು. ಈ ಕೊರತೆಯನ್ನು ತುಂಬುವ ಕೆಲಸಗಳಲ್ಲೊಂದು ಬೆಂಗಳೂರಿನಲ್ಲಿಯೇ ನಡೆದಿದೆ. ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತೆಂಬುದನ್ನು ವಾಚಕರು ಬಲ್ಲರು. ಆ ಸಂಸ್ಥೆಯವರು ನಗರದ ಜೀವವಿಜ್ಞಾನ ಸಂಶೋಧನಾಲಯಗಳೊಡನೆ ಸೇರಿ ೨೦೧೬ರಿಂದ, ಒಬ್ಬರಿಗಿಂತ ಹೆಚ್ಚು ಮಂದಿ ತೀವ್ರ ಮನೋರೋಗಕ್ಕೆ ತುತ್ತಾದ ಕುಟುಂಬಗಳನ್ನು ಅಭ್ಯಸಿಸುತ್ತಿದ್ದಾರೆ. ರೋಗಿಯ ರಕ್ತವನ್ನೂ, ಅದೇ ಮನೆಯ ಆರೋಗ್ಯವಂತ ಒಡಹುಟ್ಟಿದವರ ರಕ್ತವನ್ನೂ ತೆಗೆದುಕೊಂಡು, ಅದರ ಕೋಶಗಳನ್ನು ಮೊದಲು ಭ್ರೂಣದ ಕೋಶಗಳಂತಾಗಿಸಿ, ಅಲ್ಲಿಂದ ನರಕೋಶಗಳಾಗಿ ಗಾಜಿನ ಬಟ್ಟಲುಗಳಲ್ಲಿ ಬೆಳೆಸುತ್ತಾರೆ. ಒಂದೇ ಅಟ್ಟಣಿಗೆಯ ಮೇಲೆ ಕಾಯಿಲೆಯಾದವರದೂ ಆಗದವರದೂ ಪಕ್ಕಪಕ್ಕದಲ್ಲಿ ಬೆಳೆಯುತ್ತವೆ. ತಾಯಿ ಯಾರಿಗೆ ಏನು ಕೊಟ್ಟಳೆಂಬ ಪ್ರಶ್ನೆಯನ್ನು ಬದಿಗಿಟ್ಟು, ಒಬ್ಬನನ್ನು ಕಾಪಾಡಿದ್ದು ಯಾವುದೆಂದು ಅಲ್ಲಿ ಹುಡುಕುತ್ತಿದ್ದಾರೆ.